ಪಾಲಿಹೌಸಿನ ಎಲೆ, ಬಯಲಿನ ಎಲೆ: ಅತಿನೇರಳೆ ಕಿರಣದ ಬೆನ್ನು ಹತ್ತಿದ ನನ್ನ ಅನುಭವ

ವಿಜಯಪುರದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ಬಳಿಗೆ, ಒಂದು ಏಪ್ರಿಲ್ ತಿಂಗಳಲ್ಲಿ, ತಿಕೋಟಾ ಕಡೆಯ ರೈತರೊಬ್ಬರು ಟೊಮೆಟೊ ಎಲೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಪಾಲಿಹೌಸಿನಲ್ಲಿ ಹಚ್ಚಹಸಿರಾಗಿದ್ದ ಸಸಿಗಳು ಹೊಲಕ್ಕೆ ಹಚ್ಚಿದ ಮೂರೇ ದಿನಕ್ಕೆ ಬಿಳಿಚಿಕೊಂಡಿದ್ದವು. “ನೀರು ಏನೂ ಕಡಿಮಿ ಬಿದ್ದಿಲ್ರೀ ಸರ, ಆದ್ರೂ ಎಲಿ ಬೆಳ್ಳಗಾಗ್ಯಾವ” ಎಂದರು. ಕಾವು, ಒಣಗಾಳಿ, ಪ್ರಖರ ಬೆಳಕು ಎಲ್ಲವೂ ಕೂಡಿ ಉಂಟುಮಾಡುವ ಈ ತೊಂದರೆಯಲ್ಲಿ ಅತಿನೇರಳೆ ಕಿರಣದ ಪಾಲನ್ನು ಬೇರ್ಪಡಿಸಿ ನೋಡಬೇಕೆಂದು ಅಂದೇ ನಿಶ್ಚಯಿಸಿದೆ.

ಮೊದಲ ಹೆಜ್ಜೆಯಲ್ಲೇ ತಪ್ಪಿದೆ. ಪ್ರಯೋಗಾಲಯದಲ್ಲಿ ಕೈಗೆ ಸಿಕ್ಕಿದ್ದು ರೋಗಾಣು ಕೊಲ್ಲುವ, 254 ನ್ಯಾನೊಮೀಟರ್ ತರಂಗಾಂತರದ ಅತಿನೇರಳೆ ದೀಪ. ಅದರ ಕೆಳಗಿಟ್ಟ ಎಲೆಗಳು ಕಂದಿ ಹೋದವು. ಆದರೆ 280 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ಕಿರಣಗಳು ವಾತಾವರಣದಲ್ಲೇ ಹೀರಲ್ಪಡುವುದರಿಂದ, ಹೊಲದ ಎಲೆ ಅಂಥ ಪೆಟ್ಟನ್ನು ಎಂದೂ ತಿನ್ನುವುದಿಲ್ಲ. ಅಲ್ಲದೆ, ಕೆಟ್ಟ ಡಿಎನ್‌ಎಯನ್ನು ಸರಿಪಡಿಸುವ ಫೋಟೊಲಯೇಸ್ ಎಂಬ ಕಿಣ್ವಕ್ಕೆ ನೀಲಿ ಬೆಳಕು ಅಥವಾ ದೀರ್ಘ ತರಂಗದ ಅತಿನೇರಳೆ ಬೆಳಕು ಬೇಕು. ಕತ್ತಲ ಪೆಟ್ಟಿಗೆಯಲ್ಲಿ ನಾನು ಎಲೆಗೆ ಗಾಯ ಮಾಡಿದ್ದಷ್ಟೇ ಅಲ್ಲ, ಮದ್ದನ್ನೂ ಕಸಿದಿದ್ದೆ. ಸೂರ್ಯನ ಬೆಳಕಿನಲ್ಲಿಯೇ ಪರೀಕ್ಷಿಸಬೇಕೆಂಬುದು ಹೀಗೆ ಮನವರಿಕೆಯಾಯಿತು.

ಮಾಳಿಗೆಯ ಮೇಲೆ ಎರಡು ಚೌಕಟ್ಟು ನಿಲ್ಲಿಸಿ, ಒಂದಕ್ಕೆ ಪಾರದರ್ಶಕ ಪಾಲಿಯೆಸ್ಟರ್ ಹಾಳೆಯನ್ನೂ ಇನ್ನೊಂದಕ್ಕೆ ತೆಳುವಾದ ಸಾದಾ ಪಾಲಿಥಿನ್ ಹಾಳೆಯನ್ನೂ ಹೊದಿಸಿದೆ. ಯಾವ ತರಂಗಾಂತರದ ಬೆಳಕು ಎಷ್ಟು ದಾಟುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 300 ನ್ಯಾನೊಮೀಟರಿಗೆ ಇಟ್ಟು ನೋಡಿದಾಗ ಪಾಲಿಯೆಸ್ಟರ್ ಕಿರಣವನ್ನು ತಡೆಯುತ್ತಿತ್ತು, ಪಾಲಿಥಿನ್ ಬಿಡುತ್ತಿತ್ತು. ರೈತರ ಪಾಲಿಹೌಸಿನ ಹಾಳೆಯ ತುಣುಕು ಕೂಡ ಪಾಲಿಯೆಸ್ಟರಿನಂತೆಯೇ ತಡೆಯಿತು. ಎರಡರಡಿಯೂ ಕಾವು ಸಮನಾಗಿರಲೆಂದು ಬದಿಗಳನ್ನು ತೆರೆದಿಟ್ಟು ಥರ್ಮಾಮೀಟರ್ ತೂಗುಹಾಕಿದೆ. ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮೂರಿನಲ್ಲಿ ಮೇ ತಿಂಗಳ ಆರಂಭದಲ್ಲಿ ಸೂರ್ಯ ನಡುಹಗಲು ನೆತ್ತಿಯ ಮೇಲೆಯೇ ಬರುವುದರಿಂದ, ಕಿರಣಗಳು ಓಝೋನ್ ಪದರವನ್ನು ನೇರವಾಗಿ, ಅತಿ ಕಡಿಮೆ ದೂರದಲ್ಲಿ ದಾಟುತ್ತವೆ; ಆದ್ದರಿಂದ ಅದೇ ಸಮಯವನ್ನು ಆರಿಸಿಕೊಂಡೆ. ಪಾಲಿಹೌಸಿನಲ್ಲಿ ಬೆಳೆಸಿದ ಪಾಲಕ್ ಟ್ರೇಗಳನ್ನು ಎರಡು ಪಾಲು ಮಾಡಿ ಒಳಗಿಟ್ಟೆ.

ದ್ಯುತಿಸಂಶ್ಲೇಷಣೆಯ ಅಳತೆಗೆ ದುಬಾರಿ ಯಂತ್ರವಿರಲಿಲ್ಲ. ಕಾಗದಕ್ಕೆ ತೂತು ಹಾಕುವ ಪಂಚಿನಿಂದ ಎಲೆಯ ಬಿಲ್ಲೆಗಳನ್ನು ಕತ್ತರಿಸಿ, ಲೀಟರಿಗೆ ಎರಡು ಗ್ರಾಂ ಅಡುಗೆ ಸೋಡಾ ಮತ್ತು ಒಂದು ಹನಿ ಪಾತ್ರೆ ತೊಳೆಯುವ ದ್ರಾವಣ ಬೆರೆಸಿದ ನೀರಿನೊಂದಿಗೆ ಸಿರಿಂಜಿಗೆ ಹಾಕಿ, ಬಾಯಿ ಮುಚ್ಚಿ ಎಳೆದರೆ, ಎಲೆಯೊಳಗಿನ ಗಾಳಿ ಹೊರಬಂದು ಬಿಲ್ಲೆಗಳು ಮುಳುಗುತ್ತವೆ. ಬಳಿಕ ಎಲ್‌ಇಡಿ ದೀಪದಡಿ ಇಟ್ಟಾಗ ದ್ಯುತಿಸಂಶ್ಲೇಷಣೆಯಿಂದ ಹುಟ್ಟುವ ಆಮ್ಲಜನಕ ಅವುಗಳನ್ನು ಮೇಲಕ್ಕೆ ತೇಲಿಸುತ್ತದೆ. ಹತ್ತರಲ್ಲಿ ಐದು ತೇಲಲು ಹಿಡಿದ ಸಮಯವನ್ನು ಬರೆದುಕೊಳ್ಳುತ್ತಿದ್ದೆ. ಇಂಗಾಲದ ಡೈಆಕ್ಸೈಡ್ ಗಾಳಿಯಿಂದಲ್ಲದೆ ಸೋಡಾ ನೀರಿನಿಂದ ಸಿಗುವುದರಿಂದ, ಈ ವಿಧಾನದಲ್ಲಿ ಪತ್ರರಂಧ್ರಗಳ ಪಾತ್ರ ಕಾಣಿಸದೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಎರಡನೆಯ ದಿನ ಪಾಲಿಥಿನ್ ಅಡಿಯ ಬಿಲ್ಲೆಗಳು ಸ್ಪಷ್ಟವಾಗಿ ತಡವಾಗಿ ತೇಲಿದವು. ಬಿ ವರ್ಗದ (280ರಿಂದ 315 ನ್ಯಾನೊಮೀಟರಿನ) ಅತಿನೇರಳೆ ಕಿರಣವು ದ್ಯುತಿಸಂಶ್ಲೇಷಣೆಯಲ್ಲಿ ನೀರನ್ನು ಒಡೆಯುವ ಎರಡನೆಯ ದ್ಯುತಿವ್ಯವಸ್ಥೆಯ (ಫೋಟೊಸಿಸ್ಟಮ್ II) ಮ್ಯಾಂಗನೀಸ್ ಗುಚ್ಛವನ್ನೂ ಡಿ1 ಎಂಬ ಪ್ರೋಟೀನನ್ನೂ ಕೆಡಿಸುತ್ತದೆ ಎಂದು ತರಗತಿಯಲ್ಲಿ ವರ್ಷಗಟ್ಟಲೆ ಹೇಳಿದವನಿಗೆ, ಆ ಮುಳುಗಿ ಕುಳಿತ ಬಿಲ್ಲೆಗಳ ಮುಂದೆ ಗಡಿಯಾರ ಹಿಡಿದು ಕಾಯುವಾಗಲೇ ಆ ಮಾತಿನ ತೂಕ ತಿಳಿಯಿತು. ಹತ್ತನೆಯ ದಿನಕ್ಕೆ ವ್ಯತ್ಯಾಸ ಬಹುತೇಕ ಅಳಿಸಿಹೋಗಿತ್ತು. ಹೊಸ ಎಲೆಗಳು ಚಿಕ್ಕವು, ದಪ್ಪನೆಯವು. ಆಮ್ಲ ಬೆರೆಸಿದ ಮೆಥನಾಲಿನಲ್ಲಿ ತೆಗೆದ ಅವುಗಳ ಸಾರ 300 ನ್ಯಾನೊಮೀಟರಿನಲ್ಲಿ ಹೆಚ್ಚು ಕಿರಣ ಹೀರುತ್ತಿತ್ತು. ಯುವಿಆರ್8 ಎಂಬ ಗ್ರಾಹಕ ಪ್ರೋಟೀನು ಕಿರಣವನ್ನು ಗ್ರಹಿಸಿದೊಡನೆ ಎಲೆ ತನ್ನ ಹೊರಚರ್ಮದಲ್ಲಿ ಆ ಕಿರಣವನ್ನು ಹೀರುವ ಫ್ಲೇವನಾಯ್ಡ್‌ಗಳನ್ನು ತುಂಬಿಕೊಳ್ಳುತ್ತದೆ. ಕಣ್ಣಿಗೆ ಕಾಣುವ ಬೆಳಕು ಮಾತ್ರ ಒಳಗಿನ ಪತ್ರಹರಿತ್ತಿಗೆ ಇಳಿಯುತ್ತದೆ.

ಪಾಲಿಹೌಸಿನ ಎಲೆಗೆ ಈ ಹೊದಿಕೆ ಕಟ್ಟಿಕೊಳ್ಳುವ ಸಂದರ್ಭವೇ ಬಂದಿರುವುದಿಲ್ಲ. ಆ ರೈತರೀಗ ನಾಟಿಗೆ ಹತ್ತು ದಿನ ಮುಂಚೆಯೇ ಟ್ರೇಗಳನ್ನು ಹೊರಗಿನ ನೆರಳು ಪರದೆಯಡಿಗೆ ತರುತ್ತಾರೆ. ಪರದೆಯ ಕಣ್ಣುಗಳ ಮೂಲಕ ಅತಿನೇರಳೆ ಕಿರಣವೂ ಒಂದಿಷ್ಟು ಇಳಿಯುತ್ತದೆ. ಆಮೇಲೆ ಬೆಳಗಿನ ಬಿಸಿಲು, ಕೊನೆಗೆ ಪೂರ್ತಿ ಹಗಲು. ಅವರ ದ್ರಾಕ್ಷಿ ಎಲೆಯ ಮೇಲೂ ಈ ಬಿಲ್ಲೆ ತೇಲಿಸುವ ಪರೀಕ್ಷೆಯನ್ನೇ ಮಾಡಲು ಹೋದೆ. ಗಡುಸಾದ ಎಲೆಯೊಳಗೆ ಸೋಡಾ ನೀರು ಇನ್ನೂ ಇಳಿದಿಲ್ಲ.