ಕಾಸರಗೋಡಿನ ಮನೆಯಿಂದ ಮಂಗಳೂರಿನ ಕೆಲಸಕ್ಕೆ: ದಿನಾ ಹೋಗಿಬರುವವರಿಗೊಂದು ಕೈಪಿಡಿ

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮನೆಗಳಲ್ಲಿ ಓದು ಮುಗಿಸಿದ ಹಲವರಿಗೆ ಮೊದಲ ಕೆಲಸ ಸಿಗುವುದು ಮಂಗಳೂರಿನಲ್ಲಿ. ನೇಮಕಾತಿ ಪತ್ರ ಬಂದ ದಿನವೇ ಅಲ್ಲೇ ಪಿಜಿ ಹಿಡಿಯುವುದೋ ಅಥವಾ ದಿನಾ ಹೋಗಿಬರುವುದೋ ಎಂಬ ಮಾತು ಏಳುತ್ತದೆ. ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ರಸ್ತೆಯಲ್ಲಿ ಇರುವುದು ಸುಮಾರು 50 ಕಿಲೋಮೀಟರ್ ಮಾತ್ರ. ಮನೆಯಿಂದ ಅರ್ಧ ಗಂಟೆಯೊಳಗೆ ರೈಲು ನಿಲ್ದಾಣ ತಲುಪಬಹುದಾದರೆ ಕನಿಷ್ಠ ಮೊದಲ ಮೂರು ತಿಂಗಳು ಮನೆಯಿಂದಲೇ ಓಡಾಡುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಆದರೆ ನಡುವೆ ತಲಪಾಡಿಯ ಗಡಿ ಇದೆ. ಎರಡು ರಾಜ್ಯಗಳ ಬಸ್ಸು, ರಜೆ, ಬಂದ್‌ಗಳನ್ನು ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದ್ದರಿಂದ ಇದಕ್ಕೆ ಸ್ವಲ್ಪ ಮುಂಚಿತವಾದ ತಯಾರಿ ಬೇಕು.

ಮೊದಲು ದಾರಿಯನ್ನು ನಿಶ್ಚಯಿಸಿಕೊಳ್ಳಿ. ಲೆಕ್ಕ ಹಾಕಬೇಕಾದ್ದು ಮನೆಯ ಜಗಲಿಯಿಂದ ಕಚೇರಿಯ ಬಾಗಿಲಿನವರೆಗೆ, ಬರೇ ಮಂಗಳೂರಿನವರೆಗೆ ಅಲ್ಲ. ಕೆಲಸ ದೇರಳಕಟ್ಟೆಯ ಆಸ್ಪತ್ರೆಗಳಲ್ಲೋ ಕೊಣಾಜೆಯ ವಿಶ್ವವಿದ್ಯಾಲಯದಲ್ಲೋ ಇದ್ದರೆ ನಗರದವರೆಗೆ ಹೋಗುವ ಅಗತ್ಯವೇ ಇಲ್ಲ. ಬಸ್ಸಿನಲ್ಲಿ ತೊಕ್ಕೊಟ್ಟಿನಲ್ಲಿ ಇಳಿದು ಅಲ್ಲಿಂದ ಬೇರೆ ಬಸ್ಸು ಹಿಡಿಯಬಹುದು. ವರ್ಕಾಡಿ ಕಡೆಯವರಿಗೆ ಮುಡಿಪು ಹತ್ತಿರ. ಪೆರ್ಲದವರಿಗೆ ಅಡ್ಕಸ್ಥಳದ ಮೂಲಕ ವಿಟ್ಲ, ಪುತ್ತೂರುಗಳ ದಾರಿ ಇದೆ. ಬದಿಯಡ್ಕ, ಸೀತಾಂಗೋಳಿ ಕಡೆಯವರು ಬಸ್ಸಿನಲ್ಲಿ ಕುಂಬಳೆಗೆ ಬಂದು ರೈಲು ಹಿಡಿಯುವುದು ಅನುಕೂಲ. ಕಾಸರಗೋಡಿನಿಂದ ಉತ್ತರಕ್ಕೆ ಕುಂಬಳೆ, ಉಪ್ಪಳ, ಮಂಜೇಶ್ವರ, ಉಳ್ಳಾಲ ನಿಲ್ದಾಣಗಳು ಬರುತ್ತವೆ; ಪ್ಯಾಸೆಂಜರ್ ಗಾಡಿ ಇಲ್ಲೆಲ್ಲ ನಿಂತರೂ ಎಕ್ಸ್‌ಪ್ರೆಸ್ ಗಾಡಿಗಳೆಲ್ಲ ನಿಲ್ಲುವುದಿಲ್ಲ. ಇನ್ನೊಂದು ವಿಷಯ: ಕೊಂಕಣ ದಾರಿಯಲ್ಲಿ ಮುಂದೆ ಮುಂಬೈ ಕಡೆಗೆ ಹೋಗುವ ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳು ಮಂಗಳೂರು ಸೆಂಟ್ರಲ್‌ಗೆ ಬರದೆ ನಗರದ ಇನ್ನೊಂದು ನಿಲ್ದಾಣವಾದ ಮಂಗಳೂರು ಜಂಕ್ಷನ್ ಮೂಲಕ ಸಾಗುತ್ತವೆ. ಕಚೇರಿ ಹಂಪನಕಟ್ಟೆಯ ಆಸುಪಾಸಿನಲ್ಲಿದ್ದರೆ ಸೆಂಟ್ರಲ್‌ಗೆ ಹೋಗುವ ಗಾಡಿಯನ್ನೇ ಹಿಡಿಯಬೇಕು.

ರೈಲನ್ನು ಆರಿಸಿಕೊಂಡವರು ಮೊದಲ ವಾರದಲ್ಲೇ ಸೀಸನ್ ಟಿಕೆಟ್ ಮಾಡಿಸಿಕೊಳ್ಳಬೇಕು. ಎರಡನೇ ದರ್ಜೆಯ ತಿಂಗಳ ಪಾಸಿನ ದರ ಸಾಮಾನ್ಯ ಗಾಡಿಯ ಸುಮಾರು 15 ಒಂಟಿ ಪ್ರಯಾಣಗಳ ದರಕ್ಕೆ ಸಮ. ಅಂದರೆ ತಿಂಗಳಲ್ಲಿ 8 ದಿನ ಹೋಗಿಬಂದರೆ ಪಾಸಿನ ಹಣ ಹುಟ್ಟಿತು. ಉಳಿದ ದಿನಗಳ ಓಡಾಟವೆಲ್ಲ ಉಳಿತಾಯ. ಎಕ್ಸ್‌ಪ್ರೆಸ್ ಗಾಡಿಯ ಬಿಡಿ ಟಿಕೆಟ್ ಇನ್ನೂ ದುಬಾರಿಯಾದ್ದರಿಂದ ಅದರಲ್ಲಿ ಹೋಗುವವರಿಗೆ ಲಾಭ ಹೆಚ್ಚು. ಮೂರು ತಿಂಗಳ ಪಾಸಿಗೆ ತಿಂಗಳ ಪಾಸಿನ 2.7 ಪಟ್ಟು ಹಣವಾಗುತ್ತದೆ. ಕೆಲಸ ಖಾಯಂ ಆಗುವ ಭರವಸೆ ಇದ್ದರೆ ಅದನ್ನೇ ಮಾಡಿಸಬಹುದು. ಪಾಸಿನಲ್ಲಿ ನಮೂದಿಸಿದ ಗುರುತಿನ ಚೀಟಿ ಯಾವಾಗಲೂ ಜೊತೆಗಿರಬೇಕು, ಏಕೆಂದರೆ ಚೀಟಿಯಿಲ್ಲದ ಪಾಸನ್ನು ತಪಾಸಣೆಯವರು ಒಪ್ಪಬೇಕಾಗಿಲ್ಲ. ಒಬ್ಬರ ಪಾಸಿನಲ್ಲಿ ಮನೆಯ ಇನ್ನೊಬ್ಬರು ಹೋಗುವಂತಿಲ್ಲ. ಪಾಸು ಹಿಡಿದು ಕಾದಿರಿಸಿದ ಬೋಗಿಗೆ ಹತ್ತಿದರೆ ದಂಡ ಕಟ್ಟಬೇಕಾಗುತ್ತದೆ, ಸೂಪರ್‌ಫಾಸ್ಟ್ ಗಾಡಿಗೆ ಹೆಚ್ಚುವರಿ ಶುಲ್ಕ ಬೇಕು, ವಂದೇ ಭಾರತ್‌ನಲ್ಲಿ ಪಾಸು ನಡೆಯುವುದೇ ಇಲ್ಲ.

ಕುಂಬಳೆಯವರಿಗೆ ನಾನು ಒತ್ತಿ ಹೇಳುವ ಒಂದು ಮಾತಿದೆ. ಪಾಸು ಮಾಡಿಸುವಾಗ ಕುಂಬಳೆಯಿಂದ ಎಷ್ಟು, ಕಾಸರಗೋಡಿನಿಂದ ಎಷ್ಟು ಎಂದು ಕೌಂಟರಿನಲ್ಲಿ ಎರಡನ್ನೂ ಕೇಳಿ. ವ್ಯತ್ಯಾಸ ಸಣ್ಣದಾದರೆ ಕಾಸರಗೋಡಿನಿಂದಲೇ ಮಾಡಿಸಿ. ಸಂಜೆ ಹೊರಡಲು ತಡವಾಗಿ ಪ್ಯಾಸೆಂಜರ್ ತಪ್ಪಿದರೆ, ಕುಂಬಳೆಯಲ್ಲಿ ನಿಲ್ಲದ ಎಕ್ಸ್‌ಪ್ರೆಸ್‌ನಲ್ಲಿ ಕಾಸರಗೋಡಿನವರೆಗೆ ಹೋಗಿ ಬಸ್ಸಿನಲ್ಲಿ ಹಿಂದಿರುಗಲು ಅದರಿಂದ ಅವಕಾಶ ಸಿಗುತ್ತದೆ. ಸಂಜೆ ಸೆಂಟ್ರಲ್‌ನಿಂದ ದಕ್ಷಿಣಕ್ಕೆ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್‌ಗಳು ಹೀಗೆ ತಡವಾದವರ ಕೈಹಿಡಿಯುತ್ತವೆ. ವೇಳಾಪಟ್ಟಿ ಆಗಾಗ ಬದಲಾಗುವುದರಿಂದ ಸಮಯವನ್ನು ರೈಲ್ವೆಯ ಆ್ಯಪ್‌ನಲ್ಲೇ ನೋಡಿಕೊಳ್ಳಿ.

ಬೆಳಗ್ಗಿನ ಗಾಡಿಯ ರೂಢಿ ಕಲಿಯಲು ಒಂದು ವಾರ ಸಾಕು. ಪ್ಲಾಟ್‌ಫಾರ್ಮಿನಲ್ಲಿ ಜನರಲ್ ಬೋಗಿ ನಿಲ್ಲುವ ಜಾಗವನ್ನು ದಿನನಿತ್ಯದವರು ನೋಡದೆಯೇ ಹೇಳಬಲ್ಲರು. ಅವರು ಗುಂಪಾಗಿ ನಿಂತಲ್ಲಿ ನೀವೂ ನಿಲ್ಲಿ. ಕುಂಬಳೆಗೆ ಬರುವ ದಾರಿಯಲ್ಲಿ ಬಸ್ಸು ತಡವಾದರೆ ಮುಂಚೆಯೇ ನಿಲ್ದಾಣದಲ್ಲಿರುವ ಪರಿಚಯದವರಿಗೆ ಒಂದು ಫೋನ್ ಮಾಡಿ, “ಅಣ್ಣಾ, ಗಾಡಿ ಕಾಸರಗೋಡು ಬಿಟ್ಟಿತಾ?” ಎಂದು ಕೇಳಿದರೆ ಓಡಬೇಕೋ ನಿಧಾನವಾಗಿ ಬರಬಹುದೋ ತಿಳಿಯುತ್ತದೆ. ಹತ್ತಿದ ಮೇಲೆ ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಂಡು, ಬಾಗಿಲು ಬಿಟ್ಟು ಒಳಕ್ಕೆ ಸರಿಯಿರಿ. ಉಪ್ಪಳ, ಮಂಜೇಶ್ವರಗಳಲ್ಲಿ ಇನ್ನೂ ಜನ ಹತ್ತುತ್ತಾರೆ. ಬಾಗಿಲಿನಲ್ಲಿ ನೇತಾಡಿಕೊಂಡು ಹೋಗುವುದನ್ನು, ಗಾಡಿ ನಿಲ್ಲುವ ಮೊದಲೇ ಧುಮುಕುವುದನ್ನು ಯಾರು ಮಾಡಿದರೂ ನೀವು ಮಾಡಬೇಡಿ. ನೇತ್ರಾವತಿ ನದಿ ದಾಟಿ ಸೆಂಟ್ರಲ್ ಇನ್ನೇನು ಬಂತು ಎನ್ನುವಾಗ ಸಿಗ್ನಲಿಗಾಗಿ ಗಾಡಿ ನಿಲ್ಲುವುದುಂಟು. ಕಚೇರಿಗೆ ತಲುಪುವ ಸಮಯಕ್ಕೆ ಇದಕ್ಕೆಂದೇ ಕಾಲು ಗಂಟೆ ಸೇರಿಸಿಕೊಳ್ಳಿ. ಹೊರಬರುವ ದಾರಿಗೆ ಯಾವ ಬೋಗಿ ಹತ್ತಿರವಾಗುತ್ತದೆ ಎಂದು ಗಮನಿಸಿದರೆ ಜನಜಂಗುಳಿಗಿಂತ ಮೊದಲೇ ರಸ್ತೆ ಸೇರಬಹುದು.

ರೈಲು ಕೈಕೊಟ್ಟ ದಿನಕ್ಕೆ ಬಸ್ಸಿನ ದಾರಿ ಗೊತ್ತಿರಬೇಕು. ಕೇರಳ, ಕರ್ನಾಟಕ ಎರಡರ ಸಾರಿಗೆ ಬಸ್ಸುಗಳೂ ಕಾಸರಗೋಡು ಮತ್ತು ಮಂಗಳೂರಿನ ನಡುವೆ ನೇರ ಓಡುತ್ತವೆ. ಅದು ಸಿಗದಿದ್ದರೆ ಕಾಸರಗೋಡು ಕಡೆಯ ಖಾಸಗಿ ಬಸ್ಸಿನಲ್ಲಿ ತಲಪಾಡಿಗೆ ಬಂದು, ಗಡಿಯನ್ನು ನಡೆದು ದಾಟಿ, ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣಕ್ಕೆ ಹೋಗುವ ಸಿಟಿ ಬಸ್ಸು ಹತ್ತಬಹುದು. ಎರಡು ಟಿಕೆಟ್ ಆಗುತ್ತದಾದ್ದರಿಂದ ಚಿಲ್ಲರೆ ಇಟ್ಟುಕೊಳ್ಳಿ. ಹೆದ್ದಾರಿ 66 ಆರು ಪಥವಾದ ಮೇಲೆ ಹಳೆಯ ತಂಗುದಾಣಗಳಲ್ಲಿ ಕೆಲವು ಸರ್ವಿಸ್ ರಸ್ತೆಗೆ ಬಂದಿವೆ. ಬಸ್ಸು ಯಾವ ಬದಿಯಲ್ಲಿ ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳದಿದ್ದರೆ ಅಷ್ಟು ಅಗಲದ ರಸ್ತೆಯನ್ನು ಅವಸರದಲ್ಲಿ ದಾಟಲಾಗದು. ಕರ್ನಾಟಕದ ಶಕ್ತಿ ಯೋಜನೆ 2023ರ ಜೂನ್ 11ರಿಂದ ಜಾರಿಯಲ್ಲಿದ್ದರೂ ಅದು ಆ ರಾಜ್ಯದ ನಿವಾಸಿಗಳಾದ ಮಹಿಳೆಯರಿಗೆ ಮಾತ್ರ. ಕಾಸರಗೋಡಿನ ವಿಳಾಸವಿರುವ ಆಧಾರ್ ತೋರಿಸಿದರೆ ಉಚಿತ ಟಿಕೆಟ್ ಸಿಗುವುದಿಲ್ಲವಾದ್ದರಿಂದ ತಿಂಗಳ ಖರ್ಚಿನಲ್ಲಿ ಬಸ್ಸಿನ ಹಣವನ್ನು ಸೇರಿಸಿಯೇ ಲೆಕ್ಕ ಹಾಕಿ. ಹಿಂದಿರುಗುವಾಗ ಮಂಜೇಶ್ವರದ ಬಳಿ ಅಬಕಾರಿ ತಪಾಸಣೆಗೆ ಬಸ್ಸು ನಿಲ್ಲಬಹುದು. ಚೀಲ ತೆರೆಯಲು ಹೇಳಿದರೆ ತೆರೆದು ತೋರಿಸಿ, ಒಂದೆರಡು ನಿಮಿಷದಲ್ಲಿ ಮುಗಿಯುತ್ತದೆ.

ಗಡಿಯವರಿಗೆ ನಿಜವಾದ ಕಷ್ಟ ಬರುವುದು ಎರಡು ಕಡೆಯ ಕ್ಯಾಲೆಂಡರ್ ಒಂದಾಗದಿದ್ದಾಗ. ಕೇರಳದಲ್ಲಿ ಹರತಾಳ ಇರುತ್ತದೆ, ಮಂಗಳೂರಿನ ಕಚೇರಿ ಎಂದಿನಂತೆ ತೆರೆದಿರುತ್ತದೆ. ಆ ದಿನ ಬಸ್ಸು, ಆಟೋಗಳಿರದಿದ್ದರೂ ರೈಲು ಸಾಮಾನ್ಯವಾಗಿ ಓಡುತ್ತದೆ, ಹಾಗಾಗಿ ನಿಲ್ದಾಣದವರೆಗೆ ತಲುಪುವ ಉಪಾಯವೊಂದೇ ಬೇಕಾದ್ದು. ನೆರೆಮನೆಯವರ ಬೈಕೋ ನಡೆದು ಹೋಗುವ ಒಳದಾರಿಯೋ ಯಾವುದಾದರೂ ಸರಿ, ಅದನ್ನು ಹಿಂದಿನ ಸಂಜೆಯೇ ಗೊತ್ತುಮಾಡಿಕೊಳ್ಳಿ. ಹರತಾಳಕ್ಕೆ ಏಳು ದಿನ ಮುಂಚೆ ನೋಟಿಸ್ ಕೊಡಬೇಕೆಂದು ಕೇರಳ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದರೂ ಬೆಳಗ್ಗಿನ ಸುದ್ದಿಯನ್ನು ನೋಡಿಯೇ ಹೊರಡುವುದು ಕ್ಷೇಮ. ಮಳೆಗಾಲದಲ್ಲಿ ಕಾಸರಗೋಡು ಜಿಲ್ಲಾಧಿಕಾರಿಯವರು ಸಾರಿದ ರಜೆ ದಕ್ಷಿಣ ಕನ್ನಡಕ್ಕೆ ಅನ್ವಯಿಸುವುದಿಲ್ಲ. ಓಣಂ ಹಬ್ಬಕ್ಕೆ ಮಂಗಳೂರಿನಲ್ಲಿ ರಜೆ ಇರುವುದಿಲ್ಲವೆಂದು ತಿಳಿದು, ಬೇಕಿದ್ದರೆ ತಿಂಗಳ ಮೊದಲೇ ಕೇಳಿಡಿ. ವಿಧಾನಸಭಾ ಚುನಾವಣೆಯಲ್ಲಂತೂ ಇದನ್ನು ಬಿಡಲೇಬಾರದು: ಮತದಾನದ ದಿನ ಉದ್ಯೋಗಿಗೆ ಸಂಬಳಸಹಿತ ರಜೆ ಕೊಡಬೇಕೆಂದು ಜನಪ್ರಾತಿನಿಧ್ಯ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ನಿಮ್ಮ ಮತ ಕೇರಳದಲ್ಲಿದೆ ಎಂದು ಕಚೇರಿಗೆ ಲಿಖಿತವಾಗಿ ತಿಳಿಸಿ ರಜೆ ಪಡೆಯಿರಿ. ನಮ್ಮ ಊರಿನ ಕನ್ನಡ ಶಾಲೆಗಳ ಹಿತಕ್ಕಾಗಿ ಮಾತನಾಡುವ ಪ್ರತಿನಿಧಿ ಬೇಕೆಂದರೆ ನಮ್ಮ ಮತ ಇಲ್ಲಿ ಬೀಳಲೇಬೇಕು.

2020ರ ಮಾರ್ಚ್‌ನಲ್ಲಿ ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಕೆಲಸಕ್ಕೆ ಹೋಗುವವರೂ ಚಿಕಿತ್ಸೆಗೆ ಹೋಗುವವರೂ ಪಟ್ಟ ಪಾಡು ಇಲ್ಲಿನವರಿಗೆ ಮರೆತಿಲ್ಲ. ಅಂಥ ಕಾಲ ಮತ್ತೆ ಬಾರದಿರಲಿ. ಆದರೂ ಕಚೇರಿಯ ಗುರುತುಚೀಟಿ, ನೇಮಕಾತಿ ಪತ್ರದ ಪ್ರತಿ, ಊರಿನ ವಿಳಾಸದ ದಾಖಲೆಗಳನ್ನು ಕಾಗದದಲ್ಲೂ ಮೊಬೈಲಿನಲ್ಲೂ ಇಟ್ಟುಕೊಂಡಿರಿ. ಮಲಯಾಳದಲ್ಲಿರುವ ಪ್ರಮಾಣಪತ್ರವನ್ನು ಮಂಗಳೂರಿನ ಕಚೇರಿ ಓದಲಾಗದು ಎಂದರೆ ಕೇರಳ ಸರ್ಕಾರದ ಸೇವೆಗಳಿಗೆ ಅರ್ಜಿ ಹಾಕುವ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕುವಾಗಲೇ ಇಂಗ್ಲಿಷ್ ಪ್ರತಿ ಸಿಗುವುದೇ ಎಂದು ವಿಚಾರಿಸಿ. ಕೆಎಲ್ 14 ನೋಂದಣಿಯ ಬೈಕಿನಲ್ಲಿ ದಿನಾ ಹೋಗಿಬರಲು ತೊಡಕಿಲ್ಲ. ಆದರೆ ವಾಹನವನ್ನು ಮಂಗಳೂರಿನಲ್ಲೇ 12 ತಿಂಗಳಿಗಿಂತ ಹೆಚ್ಚು ಕಾಲ ಇರಿಸಿಕೊಂಡರೆ ಅಲ್ಲಿನ ನೋಂದಣಿ ಮಾಡಿಸಬೇಕೆಂದು ಮೋಟಾರು ವಾಹನ ಕಾಯ್ದೆ ಹೇಳುತ್ತದೆ.

ಜೂನ್ ಬಂದರೆ ಚೀಲದಲ್ಲಿ ಕೊಡೆಯ ಜೊತೆ ಒಂದು ಜೋಡಿ ಒಣಗಿದ ಬಟ್ಟೆ, ದಾಖಲೆಗಳಿಗೆ ಪ್ಲಾಸ್ಟಿಕ್ ಲಕೋಟೆ ಇರಲಿ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ವೇಳಾಪಟ್ಟಿಯೇ ಬೇರೆಯಾಗುವುದರಿಂದ ಆ ದಾರಿಯ ಗಾಡಿಗಳನ್ನು ಹಳೆಯ ಸಮಯ ನಂಬಿ ಕಾಯಬೇಡಿ. ಬುತ್ತಿ ಮನೆಯಿಂದಲೇ ಒಯ್ಯಿರಿ. ಸಾರು, ಪಲ್ಯಗಳ ಡಬ್ಬಿಯನ್ನು ಚೀಲದಲ್ಲಿ ನೆಟ್ಟಗೆ ನಿಲ್ಲಿಸದಿದ್ದರೆ ನೂಕುನುಗ್ಗಲಿನಲ್ಲಿ ಕಡತಗಳ ಮೇಲೆ ಚೆಲ್ಲುತ್ತದೆ.

ಪಾಸು ಭಾನುವಾರವೂ ನಡೆಯುತ್ತದೆ, ಅದರ ಹಾದಿಯ ನಿಲ್ದಾಣಗಳಲ್ಲಿ ಇಳಿಯಲೂಬಹುದು. ಮಂಜೇಶ್ವರದಲ್ಲಿ ಇಳಿದರೆ ರಾಷ್ಟ್ರಕವಿ ಗೋವಿಂದ ಪೈಗಳ ಸ್ಮಾರಕವಾದ ಗಿಳಿವಿಂಡು ಇದೆ, ಕುಂಬಳೆಯಿಂದ ಸ್ವಲ್ಪ ದೂರದಲ್ಲಿ ಅನಂತಪುರದ ಸರೋವರ ದೇವಾಲಯವಿದೆ. ವಾರವಿಡೀ ಕಿಟಕಿಯಿಂದ ನೋಡಿ ದಾಟುವ ಊರುಗಳನ್ನು ಹಾಗೆ ಇಳಿದು ನೋಡಿಬನ್ನಿ.

ರಾತ್ರಿ ಪಾಳಿ ಅಥವಾ ತಡವಾಗುವ ಕೆಲಸ ಇರುವವರು ಸೇರುವ ಮೊದಲೇ ಬಿಡುಗಡೆಯ ಸಮಯವನ್ನು ಸ್ಪಷ್ಟವಾಗಿ ಕೇಳಿ, ಕೊನೆಯ ರೈಲು ಮತ್ತು ಕೊನೆಯ ಬಸ್ಸಿನ ಸಮಯವನ್ನು ಮನೆಯವರಿಗೂ ಬರೆದುಕೊಡಿ. ನಿಲ್ದಾಣದಿಂದ ಮನೆಗೆ ಹೋಗುವ ಹಳ್ಳಿಯ ಬಸ್ಸು ರೈಲಿಗಿಂತ ಬೇಗ ನಿಂತುಹೋಗುತ್ತದೆ. ಆ ಕೊನೆಯ ನಾಲ್ಕೈದು ಕಿಲೋಮೀಟರಿಗೆ ಪರಿಚಯದ ಆಟೋದವರೊಬ್ಬರ ನಂಬರು ಇಟ್ಟುಕೊಂಡು, ಗಾಡಿ ಮಂಜೇಶ್ವರ ದಾಟಿದಾಗ ಅವರಿಗೆ ಕರೆ ಮಾಡುವ ರೂಢಿ ಮಾಡಿಕೊಳ್ಳಿ.