ಕೊನೆಯ ಗಂಟು ಅವನದೇ

ಜೂನ್‌ನಿಂದ ಆಗಸ್ಟ್‌ವರೆಗೆ ಪುಟ್ಟನ ಪುಸ್ತಕದಲ್ಲಿ ಮುಗಿದ ಪುಟ ಒಂದೂ ಇರಲಿಲ್ಲ. ಮೊದಲ ಸಾಲು ಮುತ್ತು ಪೋಣಿಸಿದಂತೆ, ಎರಡನೆಯದು ಪರವಾಗಿಲ್ಲ ಎನ್ನುವಂತೆ, ಮೂರನೆಯದರ ನಡುವೆ ಎತ್ತಲೋ ಎಳೆದುಕೊಂಡು ಹೋದ ಒಂದು ಗೆರೆ, ಆಮೇಲೆ ಬರೀ ಬಿಳಿ. ಬಣ್ಣ ಹಚ್ಚಲು ಕೊಟ್ಟ ನವಿಲಿಗೆ ತಲೆ ಮಾತ್ರ ನೀಲಿ. ನಮ್ಮ ಮೇಷ್ಟರೊಬ್ಬರು ಅವನಿಗೆ ‘ಆರಂಭಶೂರ’ ಎಂದು ಹೆಸರಿಟ್ಟರು. ನಾನೂ ನಕ್ಕೆ. ಏಳು ವರ್ಷದ ಹುಡುಗನಿಗೆ ಆ ಪದ ತಿಳಿಯದಿರಬಹುದು, ನಾವು ನಕ್ಕಿದ್ದಂತೂ ತಿಳಿದಿತ್ತು. ಪುಟ್ಟ ಅವನ ನಿಜವಾದ ಹೆಸರಲ್ಲ. ಇಲ್ಲಿಗೆ ಅಷ್ಟು ಸಾಕು.

ನಮ್ಮದು ಅರಸೀಕೆರೆ ಸೀಮೆಯ ತೆಂಗಿನ ತೋಟಗಳ ನಡುವಿನ ಸರ್ಕಾರಿ ಶಾಲೆ. ನಾನು ನೋಡಿಕೊಳ್ಳುವುದು ನಲಿ-ಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅದು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೊಠಡಿಯಲ್ಲಿ ‘ತಟ್ಟೆ’ ಎಂದು ಕರೆಯುವ ಗುಂಪುಗಳಲ್ಲಿ ಕೂರುತ್ತಾರೆ. ಪ್ರತಿ ಮಗು ಕಲಿಕಾ ಏಣಿಯಲ್ಲಿ ತಾನಿರುವ ಮೆಟ್ಟಿಲು ನೋಡಿ ಕಾರ್ಡು ತೆಗೆದುಕೊಳ್ಳಬೇಕು, ಅದು ಮುಗಿದರೆ ಮುಂದಿನದು. ಅವರವರ ವೇಗಕ್ಕೆ ಅವರವರು ಹತ್ತುವುದೇ ಇದರ ಚೆಂದ. ಆದರೆ ಮುಗಿಸದ ಮಗುವಿಗೆ ಇದು ಗೋಡೆಯ ಮೇಲೆ ಬರೆದಿಟ್ಟ ಸೋಲು. ಉಳಿದವರೆಲ್ಲ ಮೇಲೇರುತ್ತಿದ್ದರೆ ಪುಟ್ಟ ಮಾತ್ರ ಜುಲೈನ ಮೆಟ್ಟಿಲಲ್ಲೇ ನಿಂತಿದ್ದ.

ನಾನು ಮೊದಲು ಮಾಡಿದ್ದೆಲ್ಲ ಎಲ್ಲರೂ ಮಾಡುವಂಥದ್ದೇ. ಗದರಿದೆ. ಪಕ್ಕದಲ್ಲಿ ಕೂರಿಸಿಕೊಂಡೆ, ನಾನು ಎದ್ದರೆ ಅವನೂ ಎದ್ದ. ಮುಗಿಸಿದರೆ ನಕ್ಷತ್ರ ಅಂಟಿಸುತ್ತೇನೆ ಎಂದೆ. ಆರು ಪದಗಳನ್ನು ಆರು ಕಾಗೆ ಕಾಲುಗಳಂತೆ ಗೀಚಿ ತಂದು ನಕ್ಷತ್ರಕ್ಕೆ ಕೈ ಒಡ್ಡಿದ. ಮೊಬೈಲ್‌ನಲ್ಲಿ ಹತ್ತು ನಿಮಿಷದ ಟೈಮರ್ ಇಟ್ಟೆ; ಹತ್ತು ನಿಮಿಷವೂ ಅಂಕಿಗಳು ಇಳಿಯುವುದನ್ನೇ ನೋಡುತ್ತ ಕುಳಿತ. ಅದೊಂದನ್ನು ಮಾತ್ರ ಕೊನೆಯವರೆಗೆ ಮಾಡಿದ ಎನ್ನಬೇಕು.

ಸೆಪ್ಟೆಂಬರ್ ಮೊದಲ ವಾರ ಬೈಯುವುದನ್ನು ಬಿಟ್ಟು ಮೂರು ದಿನ ಸುಮ್ಮನೆ ನೋಡಿದೆ. ಅವನು ಏಳುವ ಪ್ರತಿ ಸಲವೂ, ಏಳುವ ಮುಂಚೆ ಏನಾಯಿತು ಎಂದು ಚೀಟಿಯಲ್ಲಿ ಬರೆದುಕೊಂಡೆ. ಹದಿನೇಳು ಸಲ ಎದ್ದಿದ್ದ. ಕಿಟಕಿಯಾಚೆಯ ಕೋತಿಗಾಗಿ ಎದ್ದದ್ದು ಎರಡೇ ಸಲ. ಉಳಿದವು ಬಹುಪಾಲು ಎರಡೇ ಬಗೆಯವು. ಅಕ್ಷರ ತಪ್ಪಾಗಿ, ಬೆರಳಿಗೆ ಎಂಜಲು ಹಚ್ಚಿ ಉಜ್ಜಿ, ಕಾಗದ ತೂತಾದಾಗ ಒಂದು. ಒಂದು ಪದ ಮುಗಿಸಿ ತಲೆಯೆತ್ತಿ, ಮುಂದೇನು ಎಂದು ನನ್ನನ್ನು ಹುಡುಕಿದಾಗ ನಾನು ಬೇರೆ ತಟ್ಟೆಯಲ್ಲಿದ್ದದ್ದು ಇನ್ನೊಂದು. ತಲೆಯೆತ್ತಿದವನು ಮತ್ತೆ ತಗ್ಗಿಸುತ್ತಿರಲಿಲ್ಲ.

ನನ್ನ ಮಾತನ್ನೂ ಆಗಲೇ ಕೇಳಿಸಿಕೊಂಡೆ. “ಪುಸ್ತಕ ತೆಗಿ, ದಿನಾಂಕ ಹಾಕು, ಕಾರ್ಡು ನೋಡಿ ಪದ ಬರಿ, ಚಿತ್ರ ಬರಿ, ತಂದು ತೋರಿಸು.” ಒಂದೇ ಉಸಿರಿಗೆ ಐದು ಕೆಲಸ. ಅಷ್ಟು ಚಿಕ್ಕ ಮಕ್ಕಳ ತಲೆಯಲ್ಲಿ ಒಟ್ಟಿಗೆ ಅಷ್ಟು ಸೂಚನೆ ನಿಲ್ಲುವುದು ಕಷ್ಟ, ಕೊನೆಯದು ಬರುವಷ್ಟರಲ್ಲಿ ಮೊದಲನೆಯದು ಜಾರಿರಬಹುದು. ಹದಿನೇಳು ವರ್ಷದ ಸರ್ವಿಸಿನಲ್ಲಿ ಇದನ್ನು ಎಷ್ಟು ತರಬೇತಿಗಳಲ್ಲಿ ಕೇಳಿ ತಲೆಯಾಡಿಸಿದ್ದೇನೋ.

ಅದೇ ವಾರ ಎರಡು ದಿನ ಅವನು ಬರಲಿಲ್ಲ. ಸಂಜೆ ಮನೆಗೆ ಹೋದೆ. ಜಗಲಿಯ ಮೇಲೆ ಅಜ್ಜಿ ತೆಂಗಿನ ಗರಿ ಹರವಿಕೊಂಡು ಪೊರಕೆ ಕಡ್ಡಿ ಹೆರೆಯುತ್ತಿದ್ದರು. ನನ್ನನ್ನು ಕಂಡು ಪುಟ್ಟ ಕಂಬದ ಹಿಂದೆ ಸರಿದ, ಆದರೆ ಅಲ್ಲಿಂದ ಕದಲಲಿಲ್ಲ. ಕಾಯುತ್ತಿದ್ದ. ಅಜ್ಜಿ ಹೆರೆದ ಕಡ್ಡಿಗಳನ್ನು ಕೂಡಿಸಿ, ಬುಡವನ್ನು ನೆಲಕ್ಕೆ ಕುಟ್ಟಿ ಸಮ ಮಾಡಿ, ನಾರಿನ ಹುರಿ ಎರಡು ಸುತ್ತು ಸುತ್ತಿ “ಬಾರೋ” ಎಂದರು. ಅವನು ಬಂದು ಕಟ್ಟಿನ ಮೇಲೆ ಎಡಗಾಲು ಊರಿ, ಹುರಿಯ ತುದಿಯನ್ನು ಮುಂಗೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ ಎಳೆದ. ಗಂಟು ಹಾಕಿದ. ಮತ್ತೊಂದು ಗಂಟು. ಪೊರಕೆಯನ್ನು ಎತ್ತಿ ಎರಡು ಸಲ ಒದರಿ, ಒಂದು ಕಡ್ಡಿಯೂ ಜಾರಲಿಲ್ಲವೆಂದು ಖಾತ್ರಿ ಮಾಡಿಕೊಂಡು ಗೋಡೆಗೆ ಒರಗಿಸಿದ. ಅಲ್ಲಿ ಆಗಲೇ ಏಳೋ ಎಂಟೋ ನಿಂತಿದ್ದವು.

“ನನ್ನ ಬೆರಳಿಗೆ ಈಗ ಬಿಗಿ ಇಲ್ಲ ಮೇಡಂ. ಗಂಟೆಲ್ಲ ಇವನದೇ” ಎಂದರು ಅಜ್ಜಿ. ಅವರಿಗೆ ಅದು ಪಾಠವೂ ಅಲ್ಲ, ಉಪಾಯವೂ ಅಲ್ಲ, ಬೆರಳು ನೋವು ಅಷ್ಟೇ. ನಾನು ಮಾತ್ರ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದೆ. ನಾನು ಅವನಿಗೆ ಯಾವಾಗಲೂ ಕೆಲಸದ ಮೊದಲ ತುದಿಯನ್ನೇ ಕೊಟ್ಟಿದ್ದೆ. ಮುಗಿಯುವ ತುದಿಯಲ್ಲಿ ಏನಿದೆ ಎಂಬುದನ್ನು ಶಾಲೆಯಲ್ಲಿ ಅವನು ಒಂದು ಸಲವೂ ಕಂಡಿರಲಿಲ್ಲ.

ವಿಶೇಷ ಶಿಕ್ಷಣದವರು ಇದನ್ನು ಬ್ಯಾಕ್‌ವರ್ಡ್ ಚೈನಿಂಗ್ ಎನ್ನುತ್ತಾರೆ. ಕೆಲಸವನ್ನೆಲ್ಲ ದೊಡ್ಡವರು ಮಾಡಿ ಕೊನೆಯ ಹೆಜ್ಜೆಯನ್ನು ಮಗುವಿಗೆ ಬಿಡುವುದು, ಅದು ಕೈಗೆ ಹತ್ತಿದ ಮೇಲೆ ಕೊನೆಯ ಎರಡು, ಆಮೇಲೆ ಮೂರು, ಹೀಗೆ ಹಿಂದಕ್ಕೆ ಬರುವುದು. ಮರುದಿನ ಆರು ಪದಗಳ ಕಾರ್ಡಿನಲ್ಲಿ ಐದನ್ನು ನಾನೇ ಬರೆದು ಆರನೆಯದನ್ನು ಅವನಿಗೆ ಬಿಟ್ಟೆ. ‘ತೆಂಗು’ ಎಂದು ಬರೆದ. “ಮುಗಿಯಿತು, ಚಪ್ಪರಕ್ಕೆ ಹಾಕು” ಎಂದೆ. ಮಕ್ಕಳ ಬರಹ ತೂಗುಹಾಕಲು ತಲೆಯ ಮೇಲೆ ಕಟ್ಟಿದ ದಾರಗಳಿಗೆ ನಾವು ಚಪ್ಪರ ಎನ್ನುತ್ತೇವೆ. ಅಲ್ಲಿಯವರೆಗೆ ಅವನ ಒಂದು ಹಾಳೆಯೂ ಅಲ್ಲಿ ತೂಗಿರಲಿಲ್ಲ. ಸ್ಟೂಲ್ ಹತ್ತಿ ಕ್ಲಿಪ್ ಹಾಕಿ ಇಳಿದವನು, ಮತ್ತೆ ಹತ್ತಿ ಹಾಳೆಯನ್ನು ಜಗ್ಗಿ ನೋಡಿದ, ಪೊರಕೆ ಒದರಿದ ಹಾಗೆ.

ಮುಂದೇನು ಎಂದು ತಲೆಯೆತ್ತುವುದಕ್ಕೆ ಬೇರೆ ಮದ್ದು ಬೇಕಾಗಿತ್ತು. ಎರಡು ತೆಂಗಿನ ಚಿಪ್ಪು, ಆರು ಹುಣಸೆ ಬೀಜ ತಂದಿಟ್ಟೆ. ಒಂದು ಪದ ಬರೆದರೆ ಒಂದು ಬೀಜ ಈ ಚಿಪ್ಪಿನಿಂದ ಆ ಚಿಪ್ಪಿಗೆ. ಎಷ್ಟು ಉಳಿದಿದೆ ಎಂದು ನನ್ನನ್ನು ಕೇಳಬೇಕಿಲ್ಲ, ಚಿಪ್ಪು ನೋಡಿದರೆ ಸಾಕು. ಕೈಗೆ ಚಿಪ್ಪು ಕೊಟ್ಟೆ ಎಂದು ಸಹೋದ್ಯೋಗಿಗಳು ನಗಾಡಿದರು, ನಗಲಿ. ರಬ್ಬರನ್ನು ಕೆಲಸ ಮುಗಿಯುವವರೆಗೆ ನನ್ನ ಮೇಜಿನ ಮೇಲಿಟ್ಟೆ: ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರಿ, ಅಷ್ಟೇ. ಕಾಗದ ತೂತಾಗುವುದು ನಿಂತಿತು. “ಜಾಣ” ಎನ್ನುವುದನ್ನೂ ಬಿಟ್ಟೆ. “ಬೀಜ ಎರಡು ಉಳಿದಿದ್ದಾಗ ಕೋತಿ ಬಂದರೂ ನೀನು ಏಳಲಿಲ್ಲ” ಎಂದು, ಕಂಡದ್ದನ್ನೇ ಹೇಳತೊಡಗಿದೆ.

ಅವನ ತಾಯಿಗೂ ಒಂದೇ ಒಂದು ಕೆಲಸ ಹೇಳಿದೆ: ಬೆಳಿಗ್ಗೆ ಅಂಗಿಯ ಕೊನೆಯ ಗುಂಡಿ ಅವನಿಗೆ ಬಿಡಿ. “ನಾನೇ ಹಾಕಿದರೆ ಬೇಗ ಆಗುತ್ತದಲ್ಲ ಮೇಡಂ” ಎಂದರು. ಬೇಗ ಆಗುತ್ತದೆ, ನಿಜ.

ದಸರಾ ರಜೆಯ ಹೊತ್ತಿಗೆ ಕೊನೆಯ ಮೂರು ಪದ ಅವನವಾಗಿದ್ದವು. ರಜೆ ಮುಗಿಸಿ ಬಂದವನು ಒಂದಕ್ಕೂ ಕೂರಲಿಲ್ಲ, ಚಿಪ್ಪುಗಳನ್ನು ಒಂದಕ್ಕೊಂದು ಬಡಿದು ತಾಳ ಹಾಕಿದ. ಮತ್ತೆ ಐದು ಪದ ನಾನು, ಒಂದು ಅವನು. ಇನ್ನೊಂದು ಎಡವಟ್ಟು ಪೂರ್ತಿ ನನ್ನದೇ. ಒತ್ತಕ್ಷರದ ಕಾರ್ಡಿಗೆ ಬಂದಾಗ ಮತ್ತೆ ಏಳತೊಡಗಿದ. ಹಳೆಯ ಚಾಳಿ ಎಂದುಕೊಂಡು ಒಂದು ವಾರ ಹಾಳುಮಾಡಿದೆ. ಅವನಿಗೆ ‘ತ್ತ’ ಮತ್ತು ‘ತ್ರ’ ನಡುವಿನ ವ್ಯತ್ಯಾಸವೇ ಗೊತ್ತಿರಲಿಲ್ಲ. ಬಾರದ ಕೆಲಸವನ್ನು ಯಾರು ತಾನೇ ಮುಗಿಸುತ್ತಾರೆ? ಬೀಜ, ಚಿಪ್ಪು ಎಲ್ಲ ಬರುವ ಕೆಲಸಕ್ಕೆ; ಬಾರದ್ದನ್ನು ಕಲಿಸಬೇಕು.

ಈ ನಡುವೆ ಊರಿನಲ್ಲಿ ಯಾರೋ ಅವನ ತಾಯಿಗೆ “ಇದು ಮೊಬೈಲ್ ಕಾಯಿಲೆ, ಎಡಿಎಚ್‌ಡಿ” ಎಂದು ಹೆದರಿಸಿದ್ದರು. ಗಮನ ನಿಲ್ಲದಿರುವ, ಸುಮ್ಮನೆ ಕೂರಲಾಗದ ತೊಂದರೆಗೆ ವೈದ್ಯರು ಇಟ್ಟ ಹೆಸರು ಎಡಿಎಚ್‌ಡಿ. ಶಾಲೆಗೆ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರಿಗೆ ಅವನ ಕಣ್ಣು, ಕಿವಿ ತೋರಿಸಿದೆ, ಎರಡೂ ಸರಿಯಿದ್ದವು. ಎಡಿಎಚ್‌ಡಿ ಎನ್ನಬೇಕಾದರೆ ಲಕ್ಷಣಗಳು ಕನಿಷ್ಠ ಆರು ತಿಂಗಳು, ಮನೆಯಲ್ಲೂ ಶಾಲೆಯಲ್ಲೂ ಕಾಣಬೇಕು. ಹೇಳಬೇಕಾದವರು ವೈದ್ಯರು, ಜಗಲಿಕಟ್ಟೆಯಲ್ಲ, ನಾನೂ ಅಲ್ಲ. ಪೊರಕೆಗೆ ಕಾದು ಕೂರುತ್ತಾನಲ್ಲ ಎಂಬುದೂ ಸಾಕ್ಷಿಯಾಗದು. ಎಡಿಎಚ್‌ಡಿ ಇರುವ ಮಕ್ಕಳೂ ಇಷ್ಟದ ಕೆಲಸದಲ್ಲಿ ಗಂಟೆಗಟ್ಟಲೆ ಮುಳುಗಬಲ್ಲರು. ಹಿಂದೊಮ್ಮೆ ಒಬ್ಬ ಹುಡುಗಿಯನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸಿದ್ದೆ. ಅವಳಿಗೆ ಚಿಕಿತ್ಸೆ ಬೇಕಾಗಿತ್ತು, ಅದರಿಂದ ಒಳ್ಳೆಯದೂ ಆಯಿತು. ಪುಟ್ಟನ ವಿಷಯದಲ್ಲಿ ಸಂಕ್ರಾಂತಿಯವರೆಗೆ ನೋಡೋಣ ಎಂದೆ.

ಸಂಕ್ರಾಂತಿಯ ಹಿಂದಿನ ದಿನ ಆರೂ ಪದ ಬರೆದ. ಇಪ್ಪತ್ತೆರಡು ನಿಮಿಷ ಹಿಡಿಯಿತು; ಪಕ್ಕದವಳು ಅಷ್ಟರಲ್ಲಿ ಎರಡು ಕಾರ್ಡು ಮುಗಿಸಿದ್ದಳು. ಬೀಜಗಳನ್ನು ಫೆಬ್ರವರಿಯಲ್ಲಿ ಅವನೇ ಕಪಾಟಿಗೆ ಹಾಕಿದ. ಈಗ ಮೂರನೆಯ ತರಗತಿ. ನಡುವೆ ಎದ್ದು ಒಂದು ಸುತ್ತು ಹೊಡೆದು ಬರುತ್ತಾನೆ, ಆದರೆ ಬರುತ್ತಾನೆ.

ಬೆಳಗಿನ ಕ್ಷೀರಭಾಗ್ಯದ ನೂರೈವತ್ತು ಮಿಲಿಲೀಟರ್ ಹಾಲು ಮಾತ್ರ ಇವತ್ತಿಗೂ ಅರ್ಧ ಲೋಟಕ್ಕೇ ನಿಲ್ಲುತ್ತದೆ. ಕೇಳಿದೆ. ಕೆನೆ ಕಟ್ಟಿದೆಯಂತೆ.