ಕ್ಲೊಟಿಲ್ಡಾ ಹಡಗಿನಿಂದ ಇಳಿದವರ ಬದುಕನ್ನು ಹುಡುಕುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಹಡಗಿನಿಂದ ಶುರು ಮಾಡಬೇಡಿ. ನಾನು ಹಾಗೆ ಮಾಡಿ ಸುಮ್ನೆ ಮೂರು ತಿಂಗಳು ಕಳೆದೆ. ಅಮೆರಿಕಕ್ಕೆ ಗುಲಾಮರನ್ನು ತರುವುದು 1808 ರಿಂದಲೇ ನಿಷೇಧವಾಗಿತ್ತು. ಆದರೂ 1860 ರಲ್ಲಿ ಆಫ್ರಿಕಾದಿಂದ ಸುಮಾರು 110 ಜನರನ್ನು ಕ್ಲೊಟಿಲ್ಡಾದಲ್ಲಿ ಕದ್ದುಮುಚ್ಚಿ ಅಲಬಾಮದ ಮೊಬೈಲ್‌ಗೆ (ಊರಿನ ಹೆಸರು, ಫೋನ್ ಅಲ್ಲ) ತಂದಿಳಿಸಿ ಹಡಗಿಗೆ ಬೆಂಕಿ ಇಟ್ಟರು. ಅಂಥವರು ಹೆಸರಿನ ಪಟ್ಟಿ ಇಟ್ಟುಕೊಂಡಿರುತ್ತಾರಾ?

ಜನಗಣತಿ ಹಿಡಿಯಿರಿ. 1860 ರ ಗುಲಾಮರ ಪಟ್ಟಿಯಲ್ಲಿ ಯಜಮಾನನ ಹೆಸರಿದೆ. ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಸಾಮಾನ್ಯವಾಗಿ ಅಷ್ಟೇ. ಬಿಡುಗಡೆಯಾದವರ ಹೆಸರು ಸಿಗುವುದು 1870 ರಿಂದ. ಅಲ್ಲಿ ‘ಹುಟ್ಟಿದ ಸ್ಥಳ’ ಎಂಬ ಕಲಂ ನೋಡಿ. ಸಾಲುಸಾಲು ಅಲಬಾಮ, ವರ್ಜೀನಿಯಾಗಳ ನಡುವೆ ‘ಆಫ್ರಿಕಾ’ ಅಂತ ಕಂಡರೆ ಅಲ್ಲೇ ನಿಲ್ಲಿ.

ಕಾಗುಣಿತ ನಂಬಬೇಡಿ. ಬರೆದವರು ಕಿವಿಗೆ ಬಿದ್ದಂತೆ ಬರೆದಿದ್ದಾರೆ. ಈ ಹಡಗಿನಲ್ಲಿ ಬಂದವರಲ್ಲಿ ಒಬ್ಬರಾದ ಕುಡ್ಜೋ ಲೂಯಿಸ್ ಅವರ ಮೂಲ ಹೆಸರು ಕೊಸ್ಸೋಲ. ಕೆಲವು ಕಡೆ ಅದು ‘ಕಜೂಲಾ’ ಆಗಿದೆ.

ಕೋರ್ಟು ಕಾಗದಗಳನ್ನು ಬಿಡಬೇಡಿ. 1902 ರಲ್ಲಿ ಕುಡ್ಜೋ ಅವರ ಗಾಡಿಗೆ ರೈಲು ಗುದ್ದಿತ್ತು. ಅವರು ರೈಲ್ವೆ ಕಂಪನಿ ಮೇಲೆ ಕೇಸು ಹಾಕಿ ಗೆದ್ದರು, ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು.

ಇಷ್ಟಾದ ಮೇಲೆ ಕುಡ್ಜೋ ಅವರ ಸ್ವಂತ ಮಾತಿಗೆ ಬನ್ನಿ. ಅಮೆರಿಕದ ಲೇಖಕಿ ಜೋರಾ ನೀಲ್ ಹರ್‌ಸ್ಟನ್ 1920 ರ ದಶಕದ ಕೊನೆಯಲ್ಲಿ ಅವರ ಮನೆಗೆ ಹೋಗಿ ಕೂತು ಕೇಳಿಸಿಕೊಂಡು, ಅವರು ಉಚ್ಚರಿಸಿದ ಹಾಗೇ ಬರೆದರು. ಆ ಭಾಷೆ ತಿದ್ದಲು ಒಪ್ಪಲಿಲ್ಲ. ಅದು ಪುಸ್ತಕವಾಗಿ ಬಂದದ್ದು 2018 ರಲ್ಲಿ. ಕಣ್ಣಲ್ಲಿ ಓದಿದರೆ ತೊಡಕು, ಜೋರಾಗಿ ಓದಿ, ತಾನಾಗಿ ಬಿಡಿಸಿಕೊಳ್ಳುತ್ತದೆ. ಫೋಟೋ ತೆಗೆಸಿಕೊಳ್ಳುವ ದಿನ ಕುಡ್ಜೋ ಒಳ್ಳೆಯ ಸೂಟು ಹಾಕಿಕೊಂಡು ಬಂದರು, ಆದರೆ ಚಪ್ಪಲಿಯೂ ಇಲ್ಲ, ಬೂಟೂ ಇಲ್ಲ. ಆಫ್ರಿಕಾದಲ್ಲಿ ಇದ್ದ ಹಾಗೆ ಕಾಣಬೇಕು ಎಂದರಂತೆ. ಆ ಬರಿಗಾಲನ್ನು ನಾನು ಎಷ್ಟು ಸಲ ನೋಡಿದೆನೋ.

ಒಬ್ಬರಲ್ಲೇ ನಿಂತುಬಿಡಬೇಡಿ. ಕುಡ್ಜೋ 1935 ರಲ್ಲಿ ತೀರಿಕೊಂಡರು, ಅವರೇ ಕೊನೆಯವರು ಅಂತ ನಾನೂ ತುಂಬಾ ದಿನ ನಂಬಿದ್ದೆ. ಹೆಂಗಸರ ಜಾಡು ಬೇಗ ಮಾಸುತ್ತದೆ, ಅಲ್ವಾ? ಹಳೇ ಸ್ಥಳೀಯ ಪತ್ರಿಕೆಗಳನ್ನು ತಿರುವಿ. ಎಳೆಗೂಸಾಗಿ ಬಂದ ಮಟಿಲ್ಡಾ ಮೆಕ್‌ಕ್ರಿಯರ್ ಸಿಕ್ಕಿದ್ದು ಹಾಗೆಯೇ. 1931 ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವರು ಸುಮಾರು 24 ಕಿಲೋಮೀಟರ್ ನಡೆದು ಅಲಬಾಮದ ಸೆಲ್ಮಾ ಊರಿನ ಕೋರ್ಟಿಗೆ ಹೋಗಿ ಪರಿಹಾರ ಕೇಳಿದರು. ಬರಿಗೈಯಲ್ಲಿ ವಾಪಸ್ ಕಳಿಸಿದರು. 1940 ರ ಜನವರಿಯವರೆಗೆ ಬದುಕಿದ್ದರು.